ಕಲ್ಲಿಗೆ ನೀರೊಂದೇ ಕಾರಣವೇ?

ವಿಜಯಪುರದ ಕಡೆಯ ನಮ್ಮೂರಲ್ಲಿ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪರೆ ಕಟ್ಟುತ್ತದೆ. ಕಿಡ್ನಿಯಲ್ಲೂ ಹೀಗೇ ಕಲ್ಲು ಕಟ್ಟುತ್ತದೆ ಅನ್ನುವುದು ಅಲ್ಲಿಯ ಹಿರಿಯರ ಮಾತು. ಮುಂಬಯಿಯಲ್ಲಿ ನಾವು ಕುಡಿಯುವುದು ವೈತರಣಾ, ಭಾತ್ಸಾ, ತಾನ್ಸಾ ಜಲಾಶಯಗಳ ನೀರು. ಅಂಥ ಪರೆ ಇಲ್ಲಿಲ್ಲ. ಆದರೂ ನಮ್ಮ ಲೇಡೀಸ್ ಡಬ್ಬಿಯ ಗೆಳತಿಯರಲ್ಲಿ ಇಬ್ಬರಿಗೆ ಒಂದೇ ವರ್ಷದಲ್ಲಿ ಕಲ್ಲಾಯಿತು.

ಕಾರಣ ಅವರ ಬಾಟಲಿಯಲ್ಲೇ ಇದೆ. ಬೆಳಿಗ್ಗೆ ತುಂಬಿಸಿದ್ದು ಸಂಜೆ ಹಾಗೇ ಮನೆಗೆ ಬರುತ್ತದೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಸುಮಾರು ಒಂದು ಗಂಟೆ. ಲೋಕಲ್‌ನಲ್ಲಿ ಶೌಚಾಲಯವಿಲ್ಲ, ಇಳಿದ ಮೇಲೂ ಶುಚಿಯಾದದ್ದು ಸಿಗುವ ಭರವಸೆಯಿಲ್ಲ. ಹಾಗಾಗಿ ಹೆಂಗಸರು ಕುಡಿಯುವುದನ್ನೇ ಬಿಡುತ್ತಾರೆ. ಮೇಲೆ ಮುಂಬಯಿಯ ಬೆವರು ಬೇರೆ.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ನೀರು ಸಾಲದೆ ಮೂತ್ರ ಸಾಂದ್ರವಾದಾಗ ಇವು ಹರಳುಗಟ್ಟುತ್ತವೆ. ಗಡಸು ನೀರೇ ಕಾರಣ ಅನ್ನಲು ಗಟ್ಟಿ ಆಧಾರವಿಲ್ಲ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಆದ್ದರಿಂದ ಹಾಲು, ಮೊಸರು ಬಿಡಬೇಕಾಗಿಲ್ಲ. ಕಡಿಮೆ ಮಾಡಬೇಕಾದದ್ದು ಉಪ್ಪು. ಒಮ್ಮೆ ಕಲ್ಲಾದವರಿಗೆ ವೈದ್ಯರು ಹೇಳುವುದು, ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಎಂದು.

ಇಬ್ಬರಲ್ಲಿ ಒಬ್ಬರು ಈಗ ಸಾವಿರಾರು ರೂಪಾಯಿ ಕೊಟ್ಟು ಆರ್‌ಒ ಯಂತ್ರ ಹಾಕಿಸಿದ್ದಾರೆ. ಹಾಲು ಬಿಟ್ಟಿದ್ದಾರೆ. ಬಾಟಲಿ ಮಾತ್ರ ಇನ್ನೂ ತುಂಬಿಯೇ ಮನೆಗೆ ಮರಳುತ್ತಿದೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ದುಡಿಯುವ ಹೆಂಗಸಿಗೆ ದಾರಿಯಲ್ಲೊಂದು ಶುಚಿಯಾದ ಶೌಚಾಲಯ ಕೊಡದ ಊರು, "ನೀರು ಚೆನ್ನಾಗಿ ಕುಡಿಯಮ್ಮ" ಅಂದರೆ ಅವಳು ಹೇಗೆ ಕುಡಿದಾಳು?