ಚಹದ ಸೀಮೆಯಲ್ಲಿ ಕಾಫಿ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬೀ ನಾಲ್ಕು ಊರುಗಳಲ್ಲಿ ಯಾರ ಮನೆಯ ಹೊಸ್ತಿಲನ್ನು ದಾಟಿದರೂ ಕುಶಲಪ್ರಶ್ನೆ ಮುಗಿಯುವ ಮೊದಲೇ ಬಸಿಯೊಡನೆ ಚಹ ಬಂದಿರುತ್ತದೆ. ಕಾಫಿಯ ಅಪೇಕ್ಷೆಯುಳ್ಳವನು ಮಾತ್ರ ಅದನ್ನು ಸಂಕೋಚದಿಂದ ಪ್ರಕಟಿಸಬೇಕು. 1956ರ ನವೆಂಬರದವರೆಗೆ ಹಿರೇಕೆರೂರು ಮುಂಬಯಿ ರಾಜ್ಯದಲ್ಲಿಯೂ, ಅದರ ತೆಂಕಣ ನೆರೆಯಾದ ಶಿಕಾರಿಪುರ ಮೈಸೂರಿನಲ್ಲಿಯೂ ಇದ್ದುವಷ್ಟೆ. ಆ ಗಡಿಯು ಭೂಪಟದಿಂದ ಅಳಿದರೂ ಲೋಟಗಳಲ್ಲಿ ಉಳಿದಿದೆಯೆಂದು ನಾನು ವಿನೋದಕ್ಕೆ ಹೇಳುವುದುಂಟು. ಐತಿಹ್ಯದ ಏಳು ಬೀಜಗಳನ್ನು ಬಾಬಾಬುಡನ್ನರು ತಂದು ಬಿತ್ತಿದ ಗಿರಿ ಇಲ್ಲಿಗೆ ಅಷ್ಟೇನೂ ದೂರವಲ್ಲ. ಆದರೂ ಕಾಫಿಯು ಘಟ್ಟವಿಳಿದು ಮಂಗಳೂರಿನಿಂದ ಹಡಗು ಹತ್ತಿದಷ್ಟು ಸಲೀಸಾಗಿ ಈ ಸೀಮೆಗೆ ಬರಲಿಲ್ಲ.

ಆದುದರಿಂದ ಇಲ್ಲಿ ಒಳ್ಳೆಯ ಕಾಫಿಯನ್ನು ಬಯಸುವವನಿಗೆ ಸ್ವಗೃಹವೇ ಗತಿ. ಅಲ್ಲಿಯೂ ಮೊದಲು ಬಿಡಬೇಕಾದುದು ಚಹದ ಅಭ್ಯಾಸ. ಹಾಲು ಸಕ್ಕರೆಗಳೊಡನೆ ಕುದಿದಷ್ಟೂ ಚಹಕ್ಕೆ ಮೈ ಬರುತ್ತದೆ. ಆ ಉಪಚಾರವನ್ನು ಕಾಫಿಗೆ ಮಾಡಿದರೆ ಪರಿಮಳವೆಲ್ಲ ಹಬೆಯೊಡನೆ ಹಾರಿಹೋಗಿ, ಪುಡಿಯ ಗರ್ಭದಲ್ಲಿಯೇ ಉಳಿಯಬೇಕಾಗಿದ್ದ ಕಹಿಯು ಪಾತ್ರೆಯ ಯಜಮಾನಿಕೆಗೆ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಕುದಿದ ನೀರನ್ನು ಒಲೆಯಿಂದಿಳಿಸಿ, ಪುಡಿ ಹಾಕಿ, ಮುಚ್ಚಿಟ್ಟು, ತುಸು ಹೊತ್ತಿನ ಮೇಲೆ ತೆಳುವಾದ ಬಟ್ಟೆಯಲ್ಲಿ ಸೋಸುತ್ತಿದ್ದರು; ಬಟ್ಟೆಗೆ ಸಾಬೂನು ಸೋಕದಿದ್ದರೆ ಆ ಕಾಫಿಯನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಪರದೇಶದ ವಿಧಾನಗಳನ್ನೂ ಪರೀಕ್ಷಿಸಿದ್ದೇನೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿಯು, ಮಗನ ನೋಟುಪುಸ್ತಕದ ಮಸಿಹೀರುವ ಕಾಗದವನ್ನು ತೂತಿನ ಪಾತ್ರೆಯಲ್ಲಿ ಹಾಸಿ ಕಾಫಿ ಸೋಸಿದಳಂತೆ. ಕಾಗದವು ಬೀಜದ ಎಣ್ಣೆಯಂಶವನ್ನು ತಡೆಯುವುದರಿಂದ ಆ ಪಾನೀಯ ಬಹು ನಿರ್ಮಲ. ಕರಿಯ ಕಾಫಿಗೆ ಅದು ಸೊಗಸು, ಆದರೆ ಹಾಲು ಬಿದ್ದೊಡನೆ ನಿಸ್ತೇಜವಾಗುತ್ತದೆ. ತರಿಯಾದ ಪುಡಿಯನ್ನು ಬಿಸಿನೀರಿನಲ್ಲಿ ನಾಲ್ಕು ನಿಮಿಷ ನೆನೆಯಿಸಿ ಜಾಲರಿಯಿಂದ ಕೆಳಕ್ಕೊತ್ತುವ ಗಾಜಿನ ಹೂಜಿಯೂ ಒಂದುಂಟು. ತಳದ ಗಸಿಯನ್ನು ಸಹಿಸಬಲ್ಲವರು ಅದನ್ನು ಮೆಚ್ಚಲಿ.

ನನ್ನ ಮತವೆಲ್ಲ ಹಿತ್ತಾಳೆಯ ಫಿಲ್ಟರಿಗೆ. ಮೇಲಿನ ಪಾತ್ರೆಯಲ್ಲಿ ಪುಡಿಯನ್ನು ಹದವಾಗಿ ಒತ್ತಿ, ಕುದಿ ಇಳಿದ ನೀರನ್ನು ಸುತ್ತಲೂ ಹೊಯ್ದು ಮುಚ್ಚಿಟ್ಟರೆ, ಉಳಿದ ಕೆಲಸ ಭೂಮಿಯ ಆಕರ್ಷಣೆಯದು. ಪುಡಿ ಅತಿ ನುಣ್ಣಗಾದರೆ ನೀರು ಇಳಿಯದು, ತರಿಯಾದರೆ ನಿಲ್ಲದು. ಚಿಕೋರಿಯು ನೀರನ್ನು ಹಿಡಿದು ನಿಧಾನವಾಗಿ ಬಿಡುವುದರಿಂದ ಡಿಕಾಕ್ಷನ್ನಿಗೆ ಬಣ್ಣವೂ ಸಾಂದ್ರತೆಯೂ ಬರುತ್ತವೆ. ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಚಿಕೋರಿ ಬೆರೆತುದನ್ನು ಕಾಫಿಯೆನ್ನಲು ನನ್ನ ನಾಲಗೆ ಒಪ್ಪುವುದಿಲ್ಲ. ಈ ಸೀಮೆಗೆ ಫಿಲ್ಟರೇ ತಕ್ಕುದೆನ್ನಲು ಇನ್ನೂ ಒಂದು ಕಾರಣವುಂಟು: ಇಲ್ಲಿಯ ಎಮ್ಮೆಯ ಗಟ್ಟಿಹಾಲಿನೆದುರು ತಲೆಯೆತ್ತಿ ನಿಲ್ಲಬಲ್ಲ ಕಷಾಯವು ಬೇರೆ ವಿಧಾನಗಳಲ್ಲಿ ಸುಲಭವಾಗಿ ಸಿದ್ಧಿಸದು.

ಹನಿಗಳಿಗಾಗಿ ಕಾದು ಕುಳಿತ ಸವಣೂರಿನ ಮಿತ್ರರೊಬ್ಬರು, “ಏನ್ರೀ ರಾಯರ, ಇಷ್ಟೊತ್ತಿನ್ಯಾಗ ಎರಡ ಸರ್ತಿ ಚಾ ಆಗ್ತಿತ್ತಲ್ಲ!” ಎಂದು ಆಕ್ಷೇಪಿಸಿದರು. ಆಕ್ಷೇಪವು ನ್ಯಾಯವಾದುದೇ. ಅಂದಿನಿಂದ, ಅವರು ಬರುವ ಸೂಚನೆಯಿದ್ದರೆ ರಾತ್ರಿಯೇ ಫಿಲ್ಟರಿಗೆ ನೀರು ಹೊಯ್ದಿಡುತ್ತೇನೆ. ಬೆಳಗ್ಗೆ ಹಾಲನ್ನು ಮಾತ್ರ ಕಾಯಿಸುತ್ತೇನೆ, ಡಿಕಾಕ್ಷನ್ನನ್ನು ಎಂದಿಗೂ ಇಲ್ಲ. ಅವರು ತಮ್ಮೂರಿನ ಖಾರದ ಪೊಟ್ಟಣವನ್ನು ಬಿಚ್ಚುವಷ್ಟರಲ್ಲಿ ಲೋಟ ಅವರ ಮುಂದಿರುತ್ತದೆ. ಕುಡಿದ ಮೇಲೆ, ಹೋಗುವ ಮುನ್ನ ಅರ್ಧ ಕಪ್ಪು ಚಹವಾಗಲೆಂದು ಅವರು ಕೇಳದ ದಿನವಿಲ್ಲ.