ಮ್ಯಾಟಿನ ಅಡಿಯ ಮಳೆಗಾಲ

ಕಾರಿಗೆ ತುಕ್ಕು ಹಿಡಿಯುವುದು ಮಂಗಳೂರು, ಕಾರವಾರದವರ ತಾಪತ್ರಯ ಎಂದು ನಮ್ಮ ಕಡೆಯವರ ನಂಬಿಕೆ. ಬಾಗಲಕೋಟೆ ಜಿಲ್ಲೆಯಲ್ಲಿ ಮಳೆ ಕಡಿಮೆ, ಉಪ್ಪುಗಾಳಿಯಂತೂ ಇಲ್ಲವೇ ಇಲ್ಲ. ಆದರೂ ತುಕ್ಕಿಗೆ ನಮ್ಮಲ್ಲಿ ‘ಜಂಗು’ ಎಂಬ ಇನ್ನೊಂದು ಹೆಸರಿದೆ. ನೇಗಿಲ ಕುಳಕ್ಕೆ, ಬಾಗಿಲ ಚಿಲಕಕ್ಕೆ ಹತ್ತುವ ಆ ಜಂಗು ಅಪ್ಪನ ಅಂಬಾಸಿಡರಿನ ತಳಕ್ಕೂ ಹತ್ತಿತ್ತು.

ಅಪ್ಪ ಇಳಕಲ್ಲಿನಲ್ಲಿ ಸೀರೆ ವ್ಯಾಪಾರಿ. ಪುಷ್ಯ ಮಾಸ ಬಂತೆಂದರೆ ಕಾರಿನ ತುಂಬ ಗಂಟು ಹೇರಿ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುತ್ತಿದ್ದರು. ಸೀರೆಗೆ ಧೂಳು ತಾಗಬಾರದೆಂದು ನೆಲಕ್ಕೆ ದಪ್ಪ ರಬ್ಬರ್ ಮ್ಯಾಟು, ಅದರ ಮೇಲೆ ತಾಡಪತ್ರಿ. ಅವರು ತೀರಿಕೊಂಡ ಮೇಲೆ ಬೆಂಗಳೂರಿನ ತಮ್ಮ ಗಾಡಿಯನ್ನು ಗುಜರಿಗೆ ಕೊಡೋಣ ಎಂದ. ಅವ್ವ ಒಪ್ಪಲಿಲ್ಲ. ಮೊಣಕಾಲು ಬೇನೆಯ ಅವಳು ತಿಂಗಳಿಗೊಮ್ಮೆ ಬಾಗಲಕೋಟೆಯ ಆಸ್ಪತ್ರೆಗೆ ಹೋಗಬೇಕು. ಎತ್ತರದ ಸೀಟಿನ ಈ ಕಾರೊಂದರಲ್ಲಿ ಮಾತ್ರ ಅವಳು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯುತ್ತಾಳೆ.

ತೀರ್ಮಾನ ಹುನಗುಂದದ ಮಿಸ್ತ್ರಿಯ ಕೈಗೆ ಹೋಯಿತು. ಸೀಟು ಕಿತ್ತು ಮ್ಯಾಟು ಎತ್ತಿದರೆ ಕೆಳಗಿನ ಬಟ್ಟೆ ಇನ್ನೂ ಹಸಿ. ಮುಂದಿನ ಗಾಜಿನ ಒಣಗಿದ ರಬ್ಬರಿನ ಸಂದಿಯಿಂದ ಇಳಿದ ನೀರು, ತೊಳೆದಾಗ ಒಳಸೇರಿದ ನೀರು, ಒದ್ದೆ ಕಾಲಿನ ನೀರು, ಎಲ್ಲ ಅಲ್ಲೇ ಕುಳಿತಿತ್ತು. “ಅಕ್ಕಾರ, ಮ್ಯಾಲ ಬಿದ್ದ ನೀರು ಹರದು ಹೊಕ್ಕೈತ್ರಿ. ಒಳಗ ಕುಂತ ನೀರ ತಿನ್ನೂದು” ಎಂದ ಮಿಸ್ತ್ರಿ.

2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ. ಮೈಯೇ ಅದರ ಎಲುಬು. ಹಾಗಾಗಿ ತಳ ಸವೆದರೆ ಗಾಡಿಯ ಬಲವೇ ಕುಗ್ಗುತ್ತದೆ. ಮಿಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣುಗೇಣಿಗೆ ತಟ್ಟುತ್ತ ಹೋದ. ಗಟ್ಟಿ ಪತ್ರಾ ‘ಟಣ್’ ಎಂದಿತು, ತಿಂದುಹೋದದ್ದು ‘ದಬ್’ ಎಂದಿತು. ಡ್ರೈವರ್ ಕಾಲಿಡುವಲ್ಲಿ ಅಂಗೈ ಅಗಲದ ಎರಡು ತೂತು. ಆದರೆ ಬಾಗಿಲ ಕೆಳಗಿನ ಪಟ್ಟಿಗಳೂ ಹಿಂದಿನ ಕಮಾನುಪಟ್ಟಿ ಕೂರುವ ಜಾಗಗಳೂ ಗಟ್ಟಿ ಇದ್ದವು. ಅವು ಹೋಗಿದ್ದರೆ ತಮ್ಮನ ಮಾತೇ ಸರಿ ಎನ್ನಬೇಕಿತ್ತು.

ತೂತಿನ ಮೇಲೆ ಫೈಬರ್ ಮೆತ್ತಿ ಡಾಂಬರು ಬಳಿದರೆ ಅಗ್ಗದಲ್ಲಿ ಮುಗಿಯುತ್ತದೆ, ಆದರೆ ಅಡಿಯಲ್ಲಿ ಜಂಗು ತನ್ನ ಕೆಲಸ ನಿಲ್ಲಿಸುವುದಿಲ್ಲ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಲೇಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ವೈರು ಬಿಚ್ಚಿ, ತಳದಲ್ಲಿ ಹಾದುಹೋಗುವ ಪೆಟ್ರೋಲ್ ಪೈಪನ್ನು ತೆಗೆದಿಟ್ಟರು. ಒಂದೇ ಸಮನೆ ಸುಟ್ಟರೆ ಪತ್ರಾ ಸೊಟ್ಟಗಾಗುತ್ತದೆಂದು ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತ ಹೊಸ ತುಂಡನ್ನು ಕೂರಿಸಿದರು. ಇಳಕಲ್ ಸೀರೆಯಲ್ಲಿ ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡುವ ಜಾಗದಲ್ಲೇ ಕಸುಬು ತಿಳಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಇಲ್ಲಿಯೂ ಅಷ್ಟೆ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ ನೀರು ಇಣುಕದಂತೆ ಸೀಲರ್ ತುಂಬಲೇಬೇಕು.

ಉಳಿದ ಕಡೆ ಹಕ್ಕಳೆ ಏಳುವ ತುಕ್ಕನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ, ಕುಳಿಗಳಲ್ಲಿ ಉಳಿದ ತೆಳು ಕೆಂಪಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರು. ಅದು ತುಕ್ಕನ್ನು ಕಪ್ಪಗಿನ ಕಬ್ಬಿಣದ ಫಾಸ್ಫೇಟಾಗಿ ಬದಲಿಸುತ್ತದೆ. ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಬಣ್ಣ, ಕೊನೆಗೆ ಹೊರಮೈಗೆ ಡಾಂಬರಿನ ಲೇಪ. ಈ ಕ್ರಮ ತಪ್ಪಿ ಹಸಿ ತುಕ್ಕಿನ ಮೇಲೆಯೇ ಲೇಪ ಬಿದ್ದರೆ ಅದು ಇನ್ನೊಂದು ರಬ್ಬರ್ ಮ್ಯಾಟಾಗುತ್ತದೆ.

ಬಾದಾಮಿಯ ಬಂಡೆಗಳ ಕೆಂಪಿನಲ್ಲಿಯೂ ಇರುವುದು ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ಬಳಗವೇ. ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಆ ಕಲ್ಲಿನಲ್ಲಿ. ಅಲ್ಲಿ ಅದು ಮರಳಿನ ಕಣಗಳಿಗೆ ಅಂಟಿ ನಿಂತಿದೆ, ಗಾಳಿ ನೀರಿನಿಂದ ಅದಕ್ಕೆ ಬೇಕಾದದ್ದು ಯಾವಾಗಲೋ ಸಿಕ್ಕಿ ಆಗಿದೆ. ಕಾರಿನ ತಗಡಿನ ಹಸಿವು ಮಾತ್ರ ಇನ್ನೂ ತೀರಿಲ್ಲ. ಹುಟ್ಟಿದ ತುಕ್ಕು ಉಬ್ಬಿ, ಬಣ್ಣವನ್ನು ಒಡೆದು, ಹೊಸ ಲೋಹಕ್ಕೆ ನೀರಿನ ದಾರಿ ಮಾಡಿಕೊಡುತ್ತದೆ. ನಮ್ಮ ಕೈಲಾಗುವುದು ಆ ದಾರಿಯನ್ನು ಮುಚ್ಚುವುದಷ್ಟೆ.

ಅದಕ್ಕೆ ದುಡ್ಡಿಗಿಂತ ರೂಢಿ ಮುಖ್ಯ. ಗಾಜಿನ ರಬ್ಬರು ಬದಲಿಸಿದ್ದಾಗಿದೆ. ತಳದಲ್ಲಿ ನೀರಿಳಿಯುವ ತೂತುಗಳಲ್ಲಿ ಕಟ್ಟಿದ ಮಣ್ಣನ್ನು ಆಗಾಗ ಕಡ್ಡಿಯಿಂದ ಕೆದರುತ್ತೇನೆ. ಎರೆಹೊಲದ ದಾರಿಯಲ್ಲಿ ಹೋಗಿಬಂದರೆ ಕೆಳಗಿನಿಂದ ಪೈಪು ಹಿಡಿದು ತೊಳೆಯುವುದು ಕಡ್ಡಾಯ, ಆ ಮಣ್ಣು ತೇವವನ್ನು ದಿನಗಟ್ಟಲೆ ಬಿಡುವುದಿಲ್ಲ. ರಬ್ಬರಿನ ಜಾಗಕ್ಕೆ ಈಗ ತೆಂಗಿನ ನಾರಿನ ಮ್ಯಾಟು ಬಂದಿದೆ. ಬಾಗಲಕೋಟೆಯಿಂದ ಬಂದ ದಿನ ಅವ್ವ ಇಳಿಯುವಾಗ ತಾನೇ ಅದನ್ನು ಎತ್ತಿ ಕೊಡುತ್ತಾಳೆ. ಬಿಸಿಲಿಗೆ ಹಾಕುವ ಕೆಲಸ ನನ್ನದು. ನಮ್ಮ ಊರಲ್ಲಿ ಬಿಸಿಲಿಗೇನೂ ಬರವಿಲ್ಲ.