ಕೆಂಪು ಬಾವುಟ ಹಾರಿಸಿದ ಬಂದರು

ಸ್ಪೇನ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕೊರ್ಡೋವಾದ ಕಂಬಗಳ ಸಾಲು, ಗ್ರಾನಡಾದ ಅಲ್‌ಹಂಬ್ರಾ. ನಮ್ಮ ಪಾಲಿಗೆ ಆ ದೇಶದ ಚರಿತ್ರೆ 1492ಕ್ಕೆ ಮುಗಿದುಬಿಡುತ್ತದೆ. ಆ ನಂತರವೂ ಅಲ್ಲಿ ಜನರಿದ್ದರು, ಅರಸರನ್ನು ಕಳುಹಿಸಿದರು, ಸಂವಿಧಾನಗಳನ್ನು ಬರೆದರು. ಆ ಕಥೆಯನ್ನು ತಿಳಿಯಬೇಕಾದರೆ ಆಗ್ನೇಯ ಕರಾವಳಿಯ ಕಾರ್ತಹೇನಾಕ್ಕೆ ಬನ್ನಿ.

ಹೆಸರು ಕೇಳಿದರೆ ಕಾರ್ತೇಜ್ ನೆನಪಾಯಿತೇ? ಸರಿಯೇ. ಉತ್ತರ ಆಫ್ರಿಕಾದ ಕಾರ್ತೇಜಿನವರು ಕಟ್ಟಿದ ಊರಿದು. ಅರಬರು ಇದನ್ನು ಕರ್ತಾಜನ್ನ ಎಂದರು. ಗುಡ್ಡಗಳ ನಡುವೆ ಬಚ್ಚಿಟ್ಟಂತಿರುವ ಆಳವಾದ ಬಂದರು. ಗುಡ್ಡಗಳ ನೆತ್ತಿಯ ಮೇಲೆ ಕೋಟೆಗಳು. ಬಂದರಿನ ಪಶ್ಚಿಮಕ್ಕಿರುವುದು ಗಲೇರಾಸ್ ಕೋಟೆ.

1873ರ ಜುಲೈ 12ರಂದು ಈ ಕೋಟೆಯ ಮೇಲೆ ಕೆಂಪು ಬಾವುಟ ಏರಬೇಕಿತ್ತು. ಅದು ಬಂಡಾಯದ ಸಂಕೇತ. ಆದರೆ ಕೆಂಪು ಬಟ್ಟೆ ಇರಲಿಲ್ಲ! ಸಿಕ್ಕಿದ್ದು ತುರ್ಕಿಯ ಧ್ವಜ ಮಾತ್ರ; ಅದನ್ನೇ ಏರಿಸಿದರು. ಅದರಲ್ಲಿನ ಬಿಳಿ ಚಂದ್ರ ಕಾಣದಿರಲೆಂದು ಒಬ್ಬ ತನ್ನ ತೋಳನ್ನು ಕೊಯ್ದುಕೊಂಡು ರಕ್ತ ಬಳಿದನೆಂದು ಊರಿನವರು ಇಂದಿಗೂ ಹೇಳುತ್ತಾರೆ. ಕೋಟೆಯ ಮೇಲೆ ತುರ್ಕಿ ಬಾವುಟ ಹಾರುತ್ತಿದೆ ಎಂದು ಮ್ಯಾಡ್ರಿಡ್‌ಗೆ ತಂತಿ ಹೋಯಿತಂತೆ. ಓದುಗರೇ, ಸಂಭ್ರಮಪಡಬೇಡಿ. ಇದರಲ್ಲಿ ತುರ್ಕರ ಪಾತ್ರ ಏನೇನೂ ಇರಲಿಲ್ಲ.

ಹಾಗಾದರೆ ಬಂಡಾಯ ಯಾರ ವಿರುದ್ಧ? ಅರಸನ ವಿರುದ್ಧವಲ್ಲ. ಅರಸ ಅಮೆದೆಯೊ ಫೆಬ್ರವರಿಯಲ್ಲೇ ಕಿರೀಟ ಇಳಿಸಿ ಹೋಗಿದ್ದ. ಫೆಬ್ರವರಿ 11ರಂದು ಸ್ಪೇನ್ ಗಣರಾಜ್ಯವಾಗಿತ್ತು. ಜೂನ್‌ನಲ್ಲಿ ಸಂಸತ್ತು ಅದನ್ನು ಒಕ್ಕೂಟ ಗಣರಾಜ್ಯವೆಂದೂ ಸಾರಿತು. ಅಧ್ಯಕ್ಷ ಪಿ ಇ ಮರ್ಗಾಲ್ ಎಂಬ ಸಜ್ಜನ. ಅಧಿಕಾರ ಮೇಲಿನಿಂದ ಇಳಿಯಬಾರದು, ವ್ಯಕ್ತಿಯಿಂದ ಊರಿಗೆ, ಊರಿಂದ ಪ್ರಾಂತಕ್ಕೆ, ಪರಸ್ಪರ ಒಪ್ಪಂದದ ಮೂಲಕ ಬೆಳೆಯಬೇಕು ಎಂದು ಬೋಧಿಸಿದವರು ಅವರೇ. ಆದರೆ ಅಧಿಕಾರಕ್ಕೆ ಬಂದಾಗ ಅವರು ಹೇಳಿದ್ದು, ಸಂಸತ್ತು ಸಂವಿಧಾನ ಬರೆಯುವವರೆಗೆ ತಾಳಿ ಎಂದು.

ಶಿಷ್ಯರು ತಾಳಲಿಲ್ಲ. ಕಾರ್ತಹೇನಾ ತಾನೇ ಒಂದು ಕ್ಯಾಂಟನ್, ಅಂದರೆ ಸ್ವತಂತ್ರ ಘಟಕ, ಎಂದು ಘೋಷಿಸಿಕೊಂಡಿತು. ವೆಲೆನ್ಸಿಯಾ, ಸೆವಿಲ್ಲೆ, ಕಾಡಿಜ್, ಗ್ರಾನಡಾ ಹಿಂಬಾಲಿಸಿದವು. ಇದರ ವಿಷಾದ ನೋಡಿ: 17 ರಾಜ್ಯಗಳ ಒಕ್ಕೂಟದ ಕರಡು ಸಂವಿಧಾನ ಸಂಸತ್ತಿನ ಮುಂದೆ ಬಂದದ್ದು ಜುಲೈ 17ರಂದು. ಕೇವಲ ಐದು ದಿನ! ಮರುದಿನ ಪಿ ಇ ಮರ್ಗಾಲ್ ರಾಜೀನಾಮೆ ನೀಡಿದರು. ನಂತರ ಬಂದ ಸಾಲ್ಮೆರೋನ್ ಮರಣದಂಡನೆಯ ಆದೇಶಕ್ಕೆ ಸಹಿ ಹಾಕಲಾರೆನೆಂದು ಸೆಪ್ಟೆಂಬರ್‌ನಲ್ಲಿ ಕುರ್ಚಿಯನ್ನೇ ಬಿಟ್ಟರು. ಇಂಥವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಬೇರೆ ಊರುಗಳು ಬೇಗ ಶರಣಾದವು. ಕಾರ್ತಹೇನಾ ಆರು ತಿಂಗಳು ನಿಂತಿತು. ಅದಕ್ಕೆ ಗೋಡೆಗಳಿದ್ದವು, ನೌಕಾಪಡೆಯ ಹಡಗುಗಳಿದ್ದವು. ಬೆಳ್ಳಿ ಗಣಿಗಳು ಹತ್ತಿರದಲ್ಲಿದ್ದುದರಿಂದ ಸ್ವಂತ ನಾಣ್ಯವನ್ನೂ ಟಂಕಿಸಿತು. ಆದರೆ ಹಣಕ್ಕಾಗಿ ಅದರ ಹಡಗುಗಳು ನೆರೆಯ ಅಲ್ಮೇರಿಯಾಕ್ಕೆ ಹೋದವು. ಕೊಡದಿದ್ದಾಗ ಜುಲೈ 30ರಂದು ಆ ಊರಿನ ಮೇಲೆ ಗುಂಡು ಹಾರಿಸಿದವು. ಊರೂರಿನ ಸ್ವಾತಂತ್ರ್ಯ ಸಾರಿದವರು ಪಕ್ಕದ ಊರನ್ನೇ ಬೆದರಿಸಿ ಸುಲಿಗೆಗೆ ಇಳಿದದ್ದನ್ನು ನಾನು ಯಾವ ವಾದದಿಂದಲೂ ಸಮರ್ಥಿಸಲಾರೆ.

ಆ ಕರಡು ಸಂವಿಧಾನವನ್ನು ಬಹುಮಟ್ಟಿಗೆ ಬರೆದವರು ಕಾಸ್ಟೆಲಾರ್. ಅಧ್ಯಕ್ಷರಾದ ಮೇಲೆ, ನವೆಂಬರ್ 26ರಿಂದ, ಕಾರ್ತಹೇನಾದ ಮೇಲೆ ಫಿರಂಗಿ ಸುರಿಸಿದ್ದೂ ಅವರದೇ ಸರಕಾರ! 1874ರ ಜನವರಿ 3ರಂದು ಜನರಲ್ ಪವಿಯಾ ಸೈನಿಕರನ್ನು ಸಂಸತ್ತಿನೊಳಗೆ ನುಗ್ಗಿಸಿ ಅದನ್ನು ಚದುರಿಸಿದ. ಮೂರು ದಿನಗಳ ನಂತರ ಕಾರ್ತಹೇನಾದ ಮದ್ದುಗುಂಡಿನ ಕಟ್ಟಡ ಸಿಡಿಯಿತು. ಫಿರಂಗಿಗೆ ಹೆದರಿ, ಗಟ್ಟಿ ಗೋಡೆಗಳನ್ನು ನಂಬಿ ಅಲ್ಲಿ ಆಶ್ರಯ ಪಡೆದಿದ್ದ ಹೆಂಗಸರು, ಮಕ್ಕಳು ಸೇರಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಜನವರಿ 12ರಂದು ಊರು ಶರಣಾಯಿತು. ನಾಯಕರು ನುಮಾನ್ಸಿಯ ಎಂಬ ಯುದ್ಧನೌಕೆಯಲ್ಲಿ, ಸಾವಿರಕ್ಕೂ ಹೆಚ್ಚು ಜನರೊಂದಿಗೆ, ದಿಗ್ಬಂಧನವನ್ನು ಭೇದಿಸಿ ಅಲ್ಜೀರಿಯಾದ ಓರಾನ್ ಸೇರಿದರು. ವರ್ಷದ ಕೊನೆಗೆ ರಾಜವಂಶ ಮರಳಿತು.

ಅದೇ ವಂಶದ ಅಲ್ಫಾನ್ಸೊ 13 ದೇಶ ಬಿಟ್ಟು ಹಡಗು ಹತ್ತಿದ್ದು ಎಲ್ಲಿಂದ ಗೊತ್ತೇ? ಇದೇ ಕಾರ್ತಹೇನಾದಿಂದ! 1931ರ ಏಪ್ರಿಲ್ 14ರ ರಾತ್ರಿ ಕಾರಿನಲ್ಲಿ ಬಂದು, ನಸುಕಿಗೆ ಮುನ್ನ ಹೊರಟುಹೋದ. ಎರಡನೇ ಗಣರಾಜ್ಯದವರು 1873ನ್ನು ಮರೆತಿರಲಿಲ್ಲ. ಪ್ರಾಂತಗಳಿಗೆ ಸ್ವಾಯತ್ತತೆಗೆ ಅವಕಾಶ ಕೊಟ್ಟರು, ಆದರೆ ಸಂವಿಧಾನದಲ್ಲಿ ದೇಶವನ್ನು ಒಕ್ಕೂಟ ಎಂದು ಕರೆಯಲಿಲ್ಲ. ಫ್ರಾಂಕೋ ಕಾಲದ ನಂತರ ಬಂದ 1978ರ ಸಂವಿಧಾನದಲ್ಲಿ ಅರಸನಿದ್ದಾನೆ. ಅದರಡಿ ರೂಪುಗೊಂಡ ಸ್ವಾಯತ್ತ ಪ್ರದೇಶಗಳ ಸಂಖ್ಯೆಯೂ 17. ಆದರೆ ಅವು ತಮ್ಮೊಳಗೆ ಒಕ್ಕೂಟ ಮಾಡಿಕೊಳ್ಳುವಂತಿಲ್ಲ ಎಂದು 145ನೇ ವಿಧಿ ಖಡಾಖಂಡಿತವಾಗಿ ಹೇಳುತ್ತದೆ.

ಮುರ್ಸಿಯಾ ಪ್ರದೇಶಕ್ಕೆ 1982ರಲ್ಲಿ ಸ್ವಾಯತ್ತತೆ ದೊರೆತಾಗ ರಾಜಧಾನಿ ಮುರ್ಸಿಯಾ ನಗರಕ್ಕೆ ಹೋಯಿತು, ಶಾಸನಸಭೆ ಕಾರ್ತಹೇನಾಕ್ಕೆ ಬಂತು. 1992ರ ಫೆಬ್ರವರಿ 3ರಂದು ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಕಾರ್ಮಿಕರ ಪ್ರತಿಭಟನೆಯ ವೇಳೆ ಪೆಟ್ರೋಲ್ ಬಾಂಬ್ ಬಿದ್ದು ಆ ಕಟ್ಟಡವೂ ಹೊತ್ತಿ ಉರಿದಿತ್ತು. ದುರಸ್ತಿಯ ನಂತರ ಸಭೆ ಮತ್ತೆ ಅಲ್ಲೇ ಸೇರುತ್ತಿದೆ. ಮುರ್ಸಿಯಾದಿಂದ ಬೇರೆಯಾದ ಪ್ರಾಂತ ನಮಗೆ ಬೇಕು ಎಂಬ ಮಾತು ಆ ಊರಿನ ಬೀದಿಗಳಲ್ಲಿ ಇನ್ನೂ ನಿಂತಿಲ್ಲ.